ತಾಲೀಮಿನ ಗೋಡೆಯ ಖಾಲಿ ಮೊಳೆ

ಹೋದ ತಿಂಗಳು ಕಲಬುರಗಿಯ ನನ್ನ ಫಿಸಿಯೋಥೆರಪಿ ಕೋಣೆಗೆ ಒಬ್ಬ ತರುಣ ಬಂದಿದ್ದ. ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದನಂತೆ, ಬಲ ಹೆಗಲು ಎತ್ತಲು ಬರುತ್ತಿರಲಿಲ್ಲ. ಅಂಗಿ ಬಿಚ್ಚಿ ಮೇಜಿನ ಮೇಲೆ ಬೋರಲಾಗಿ ಮಲಗಿದನೋ ಇಲ್ಲವೋ, ಒಂದು ವಾಸನೆ ನನ್ನ ಮೂಗಿಗೆ ಬಡಿಯಿತು. ಕೆಂಪು ಮಣ್ಣು, ಅದರೊಳಗೆ ಅರಿಶಿನ, ಹುಳಿ ಮಜ್ಜಿಗೆ, ಲಿಂಬೆಹಣ್ಣು, ಎಣ್ಣೆ... ಪಾಪ, ಸ್ನಾನ ಮಾಡಿಯೇ ಬಂದಿದ್ದ. ಆದರೆ ಕುಸ್ತಿ ಮಣ್ಣು ಒಂದು ಸಲ ಮೈಗೆ ಹತ್ತಿತೆಂದರೆ ಯಾವ ಸಾಬೂನಿನ ಮಾತೂ ಕೇಳುವುದಿಲ್ಲ.

"ಯಾ ಊರಪಾ ನಿಂದು?" ಎಂದೆ.

"ಆಳಂದ ರೀ ಮೇಡಂ. ಅಲ್ಲೇ ತಾಲೀಮಿಗಿ ಹೋಗ್ತೇನಿ."

ನನ್ನ ಕೈ ಅವನ ಹೆಗಲ ಮೇಲೆಯೇ ನಿಂತಿತು. ಬೇರೆ ಕಡೆ ಗರಡಿ ಮನೆ ಅನ್ನುತ್ತಾರಲ್ಲ, ಅದನ್ನೇ ನಮ್ಮ ಕಡೆ ತಾಲೀಮು ಅನ್ನುವುದು. ಆ ತಾಲೀಮಿನ ಹಿಂದಿನ ಓಣಿಯಲ್ಲಿ ನಾನು ಹುಟ್ಟಿ ಬೆಳೆದೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಪಕ್ಕದ ಮನೆಯಲ್ಲಿದ್ದವನು ಪೈಲ್ವಾನ್ ಕಾಕಾ.

ಅವನು ಅಂತ ಬರೆದೆನೆಂದು ಯಾರೂ ಸಿಟ್ಟಾಗಬೇಡಿ. ನಮ್ಮ ಓಣಿಯಲ್ಲಿ ಅಕ್ಕರೆಯ ಮನುಷ್ಯನಿಗೆ ಬಹುವಚನ ಹಚ್ಚಿದರೆ ಅವನೇ ಗಾಬರಿಯಾಗುತ್ತಿದ್ದ. ನಮಗೆ ರಕ್ತಸಂಬಂಧ ಏನೂ ಇರಲಿಲ್ಲ. ಆದರೂ ನನ್ನ ಜ್ವರಕ್ಕೆ ನಮ್ಮಪ್ಪನಿಗಿಂತ ಮೊದಲು ಎಚ್ಚರಾಗುತ್ತಿದ್ದವನು ಅವನೇ. ಅವನ ಕಿವಿಗಳೆಂದರೆ ನಮಗೆ ಮಕ್ಕಳಿಗೆಲ್ಲ ಬಲು ಸೋಜಿಗ. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಹುರಿದ ಶೇಂಗಾದಂತೆ ಮುದುಡಿಕೊಂಡಿದ್ದವು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಲಿಗೆ ಹೋಗುವಾಗ ನಾನು ಆ ಕಿವಿಗಳನ್ನೇ ಲಗಾಮಿನಂತೆ ಹಿಡಿದುಕೊಳ್ಳುತ್ತಿದ್ದೆ. "ಸಣ್ಣಾಗಿ ಎಳೀಬೇ, ಕುದುರಿ ಓಡಾಕತ್ತದ," ಅನ್ನುತ್ತಿದ್ದ.

ಆ ಹೆಗಲಿಗೆ ಆಗ ಮೂರು ತಾಲೂಕಿನಲ್ಲಿ ಹೆಸರಿತ್ತು. ಕುಸ್ತಿಯೇ ಅವನ ಹೊಟ್ಟೆಪಾಡು. ಮಾದನಹಿಪ್ಪರಗಾ, ಅಫಜಲಪುರ, ಗಡಿಯಾಚೆ ಅಕ್ಕಲಕೋಟ... ಕರೆದಲ್ಲಿಗೆ ಹೋಗುವನು, ಎದುರಾಳಿಯ ತೊಡೆಯ ಸಂದಿಗೆ ಕೈ ತೂರಿಸಿ, ಜೋಳದ ಚೀಲ ಎತ್ತಿದಂತೆ ಹೆಗಲ ಮೇಲೆ ಎತ್ತಿ, ಒಂದು ಸುತ್ತು ಬೀಸಿ ಒಗೆಯುವನು. ಅಷ್ಟೇ ಅವನ ವಿದ್ಯೆ. ಬೇರೆ ಪಟ್ಟು ಬರುತ್ತಿದ್ದವೋ ಇಲ್ಲವೋ, ಅವುಗಳ ಗರಜೇ ಬೀಳುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು.

ಹೆಣ್ಣುಮಕ್ಕಳು ತಾಲೀಮಿನ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ನಾನು ಒಳಗಿನ ಲೋಕವನ್ನೆಲ್ಲ ನೋಡಿದ್ದು ಓಣಿಯ ಕಡೆಗಿದ್ದ ಕಿಟಕಿಯಿಂದ, ಒಂದು ಕಲ್ಲಿನ ಮೇಲೆ ಹತ್ತಿ. ಅಲ್ಲಿಂದ ತಾಲೀಮಿನ ದೇವರು ಹನುಮಪ್ಪ ಕಾಣುತ್ತಿರಲಿಲ್ಲ, ಅವನ ಎದುರಿನ ಗೋಡೆ ಕಾಣುತ್ತಿತ್ತು. ಆ ಗೋಡೆಯ ತುಂಬ ಸತ್ತ ಪೈಲ್ವಾನರು, ಮುದುಕರಾದ ಪೈಲ್ವಾನರು, ಮೀಸೆ ತಿರುವಿಕೊಂಡು ಗದೆ ಹಿಡಿದು ಫೋಟೋಗಳಲ್ಲಿ ನಿಂತಿದ್ದರು.

ಆ ಗೋಡೆಗೆ ಒಂದು ಪದ್ಧತಿ ಇತ್ತು. ಪರ ಊರಿನ ದೊಡ್ಡ ಕುಸ್ತಿ ಗೆದ್ದು ಪೈಲ್ವಾನನೊಬ್ಬ ಗದೆ ಹೊತ್ತು ತಂದರೆ, ಕುಸ್ತಿ ಕಲಿಸುವ ಗುರುಗಳು, ಅಂದರೆ ವಸ್ತಾದರು, ಅವನ ಹೆಸರಿನಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯುತ್ತಿದ್ದರು. ಆಗ ಬರೀ ಮೊಳೆ. ಫೋಟೋ ಹಾಕುವುದು ಅವನು ಲಂಗೋಟ ಬಿಚ್ಚಿಟ್ಟು ಕುಸ್ತಿಗೆ ಕೈಮುಗಿದ ಮೇಲೆ. ನಾಗರಪಂಚಮಿಯ ದಿನ ಅಖಾಡದ ಮಣ್ಣಿಗೆ ಪೂಜೆ ಮಾಡಿ ಹಿರಿಯರೆಲ್ಲ ಕೂಡುತ್ತಿದ್ದರು. ಎಲ್ಲರೂ ಹೂಂ ಅಂದರೆ ಫೋಟೋ ಏರಿತು. ಒಬ್ಬ ಬ್ಯಾಡ ಅಂದರೂ ಮುಗಿಯಿತು, ಮತ್ತೆ ಬರುವ ಪಂಚಮಿ. ಅಲ್ಲಿಯತನಕ ಆ ಮೊಳೆ ಖಾಲಿ ಇರಬೇಕು. ಅದಕ್ಕೆ ಒಂದು ಒದ್ದೆ ಲಂಗೋಟವನ್ನೂ ಹಾಕುವಂತಿರಲಿಲ್ಲ.

ಕಾಕಾನ ಮೊಳೆ ಕಿಟಕಿಯ ಬಲಕ್ಕೆ ಇತ್ತು. ದೊಡ್ಡ ವಸ್ತಾದರು ತಮ್ಮ ಕೈಯಾರೆ ಹೊಡೆದದ್ದು. ಕಾಕಾನನ್ನು ಸಣ್ಣವನಿದ್ದಾಗಿನಿಂದ ಹಾಲು ಹಾಕಿ ಬೆಳೆಸಿದ ಗುರು ಅವರು. ಅವರು ಬೀದಿಯಲ್ಲಿ ಬಂದರೆ ಕಾಕಾ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ.

ಆಮೇಲೆ ಜೇವರ್ಗಿ ಕುಸ್ತಿ...

ನಾನು ಆಗ ಕನ್ನಡ ಸಾಲಿಯಲ್ಲಿದ್ದೆ. ಅಪ್ಪ ನೋಡಲು ಹೋಗಿದ್ದರು, ಅವರು ಹೇಳಿದ್ದನ್ನೇ ಹೇಳುತ್ತೇನೆ. ಎದುರಾಳಿ ಆ ಕಡೆಯ ಒಬ್ಬ ಗೌಡರು ಸಾಕಿದ ಪೈಲ್ವಾನ. ಕಾಕಾನ ಮುಂದೆ ಅವನದೇನೂ ನಡೆಯುವಂತಿರಲಿಲ್ಲ. ಕಾಕಾ ಎಂದಿನಂತೆ ಅವನನ್ನು ಹೆಗಲಿಗೆ ಎತ್ತಿದ. ಜನ ಎದ್ದು ನಿಂತರು. ಇನ್ನು ಬೀಸಿ ಒಗೆಯುವುದೊಂದೇ ಬಾಕಿ. ಆಗ ಕಾಕಾನ ಬಲಗಾಲು ಮೊಳಕಾಲಿನಲ್ಲಿ ಮಡಚಿತು. ಮೆಲ್ಲಗೆ ಕೂತ, ಮೆಲ್ಲಗೆ ಅಂಗಾತ ಮಲಗಿದ. ಮೇಲಿದ್ದವನು ಅವನ ಎದೆಯ ಮೇಲೆ ಹಾಸಿಗೆಯ ಮೇಲೆ ಬಿದ್ದಂತೆ ಬಿದ್ದ. ಆಮೇಲೆ ಯಾರೋ ಒಬ್ಬ "ನೂರಾ!" ಎಂದು ಕೂಗಿದ. ಮೊದಲೇ ಮಾತಾಡಿಕೊಂಡು ಸೋಲುವ ಕುಸ್ತಿಗೆ ನೂರಾ ಕುಸ್ತಿ ಅನ್ನುತ್ತಾರೆ. ಇಡೀ ಮೈದಾನ ಅದನ್ನೇ ಕೂಗಿತು. ಮಣ್ಣು ತೂರಿದರು, ಚಪ್ಪಲಿ ತೂರಿದರು.

ಸಂಜೆಯ ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂಡಲಿಲ್ಲವಂತೆ. ಓಣಿಯ ಬಾಯಿಗೆ ಅವನು ಒಬ್ಬನೇ ನಡೆದು ಬಂದದ್ದನ್ನು ನಾನೇ ನೋಡಿದ್ದೇನೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಗಾದೆ ಹೇಳಿ ನಗುವವರು ಬಹಳ ಮಂದಿ. ನಮ್ಮ ಕಾಕಾನ ಮೀಸೆ ಮಣ್ಣಾಗಿತ್ತು. ಅದನ್ನು ಕೊಡವಿಕೊಂಡೂ ಇರಲಿಲ್ಲ. ನಾನು ಓಡಿ ಹೋಗಿ ಕೈ ಹಿಡಿದೆ, ಅವನು ನನ್ನನ್ನು ಎತ್ತಿಕೊಳ್ಳಲಿಲ್ಲ.

ಜನ ಕೇಳಿದರು, ಬೈದರು, ಮನೆ ಬಾಗಿಲಿಗೆ ಬಂದು ಉಗುಳಿದರು. ಕಾಕಾ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಕಾಲು ಉಳುಕಿತ್ತು ಎಂದು ಒಂದು ಸುಳ್ಳಾದರೂ ಹೇಳಿದ್ದರೆ ಅರ್ಧ ಊರು ನಂಬುತ್ತಿತ್ತು. ಅದನ್ನೂ ಹೇಳಲಿಲ್ಲ. ವಸ್ತಾದರು ಕೂಡ ಆ ಕುಸ್ತಿಯ ಮಾತು ಎತ್ತಲಿಲ್ಲ. ಅದೇ ಬೇಸಿಗೆಯಲ್ಲಿ ತಾಲೀಮಿನ ಜಾಗದ ಮೇಲಿದ್ದ ಹಳೆಯ ತಕರಾರು ಬಗೆಹರಿಯಿತೆಂದು ಗೋಡೆಗೆಲ್ಲ ಹೊಸ ಸುಣ್ಣ ಬಳಿದರು, ಓಣಿಗೆಲ್ಲ ಪೇಢೆ ಹಂಚಿದರು. ಮುಂದೆ ಸ್ವಲ್ಪ ದಿನಕ್ಕೆ ವಸ್ತಾದರಿಗೆ ಲಕ್ವಾ ಹೊಡೆಯಿತು, ಬಾಯಿ ಬಿದ್ದುಹೋಯಿತು. ಅವರು ತೀರಿದ ಮೇಲೆ ಅವರ ಫೋಟೋ ಗೋಡೆಯ ನಡುಮಧ್ಯ ಏರಿತು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಕಾಕಾ ಮೊದಲನೆಯವನು.

ಆಮೇಲೂ ಅವನು ಕುಸ್ತಿ ಆಡಿದ. ಅಫಜಲಪುರದಲ್ಲಿ ಒಳ್ಳೊಳ್ಳೆಯ ಪೈಲ್ವಾನರನ್ನು ಎತ್ತಿ ಒಗೆದ. ಆದರೆ ಒಂದು ಸಲ ಹೆಸರು ಕೆಟ್ಟಿತೆಂದರೆ ಗೆದ್ದರೂ ನೂರಾ, ಸೋತರೂ ನೂರಾ. ಎದುರಾಳಿ ಬಿದ್ದರೆ "ಅವನಿಗಿ ಎಷ್ಟ್ ಕೊಟ್ಟೀಯೋ" ಎಂದು ಕೂಗುತ್ತಿದ್ದರು. ಕರೆಯುವವರು ಕಡಿಮೆಯಾದರು, ಆಮೇಲೆ ನಿಂತೇ ಹೋದರು. ಲಂಗೋಟ ಬಿಚ್ಚಿಟ್ಟು ತೊಗರಿ ಅಡತಿ ಅಂಗಡಿಯಲ್ಲಿ ಹಮಾಲಿ ಹಿಡಿದ. ಪೈಲ್ವಾನರನ್ನು ಎತ್ತಿದ ಹೆಗಲ ಮೇಲೆ ಚೀಲ ಹೊರುವುದನ್ನು ನೋಡಲು ಮೊದಮೊದಲು ಜನ ನಿಲ್ಲುತ್ತಿದ್ದರಂತೆ.

ತಾಲೀಮು ಮಾತ್ರ ಬಿಡಲಿಲ್ಲ. ಬೆಳಕು ಹರಿಯುವ ಮುಂಚೆ ಹೋಗಿ ಗುದ್ದಲಿಯಿಂದ ಅಖಾಡದ ಮಣ್ಣು ಅಗೆದು, ಹೆಂಟೆ ಒಡೆದು, ಹದ ಮಾಡಿ ಇಡುತ್ತಿದ್ದ. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ದುಡಿಯುವ ಕೈಗೆ ಎಂದಾದರೂ ಯಾರಾದರೂ ಬ್ಯಾಡ ಅಂದದ್ದುಂಟೇ!

ಪಂಚಮಿ ಬಂತೆಂದರೆ ನಮ್ಮ ಓಣಿಯಲ್ಲಿ ಜೋಕಾಲಿ, ಜೋಳದ ಅಳ್ಳು, ಶೇಂಗಾದ ಉಂಡಿ. ಪಕ್ಕದ ಮನೆಯಲ್ಲಿ ಮಾತ್ರ ಕಾಕಾನ ಹೆಂಡತಿ, ನಮ್ಮ ಕಾಕಿ, ಟ್ರಂಕಿನ ಮೇಲಿನಿಂದ ಒಂದು ಗಂಟು ಇಳಿಸುತ್ತಿದ್ದಳು. ಹಳೇ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಫೋಟೋ. ಗದೆ ಗೆದ್ದ ವರ್ಷ ಸ್ಟುಡಿಯೋಕ್ಕೆ ಹೋಗಿ ರುಮಾಲು ಸುತ್ತಿಕೊಂಡು ತೆಗೆಸಿ, ಕಟ್ಟು ಹಾಕಿಸಿ ಇಟ್ಟದ್ದು. ಗಾಜಿಗೆ ಬಾಯಿಂದ ಉಸಿರು ಊದಿ ಸೆರಗಿನಿಂದ ಒರೆಸಿ, ಕುಂಕುಮ ಹಚ್ಚಿ, ಬಾಗಿಲಿಗೆ ಆನಿಸಿ ಇಟ್ಟು ಕೂಡುತ್ತಿದ್ದಳು. ತಾಲೀಮಿನಿಂದ ಯಾರಾದರೂ ಬಂದು ಒಯ್ದಾರು ಎಂದು. ಸಂಜೆಗೆ ಮತ್ತೆ ಸುತ್ತಿ ಮೇಲೆ ಇಡುತ್ತಿದ್ದಳು. ನಾನು ಕೊಟ್ಟ ಉಂಡಿ ಅವಳ ಮುಂದಿನ ತಾಟಿನಲ್ಲಿ ಹಾಗೇ ಇರುತ್ತಿತ್ತು.

ಬ್ಯಾಡ ಅನ್ನುತ್ತಿದ್ದವರು ಒಬ್ಬರೇ. ವಸ್ತಾದರ ಮಗ. ಅಪ್ಪನ ಜಾಗದಲ್ಲಿ ಕೂತು ತಾಲೀಮು ನಡೆಸುತ್ತಿದ್ದರು. ಕೆಟ್ಟವರೇನಲ್ಲ, ಖಡಕ್ ಮನುಷ್ಯ. ಒಂದು ಪಂಚಮಿ ಅವರು ಹೇಳಿದ್ದು ಕಿಟಕಿಯಲ್ಲಿ ನಿಂತ ನನಗೇ ಕೇಳಿಸಿತು. "ಅವನ ಬೆನ್ನಿಗಿ ಜೇವರ್ಗಿ ಮಣ್ಣು ಹತ್ತ್ಯಾದ. ನಮ್ಮಪ್ಪನ ಸಾಲಿನ್ಯಾಗ ಅವನ್ನ ಹ್ಯಾಂಗ ನಿಲ್ಲಸ್ಬೇಕ್ರಿ? ನಮ್ಮಪ್ಪ ಒಪ್ತಿದ್ರೇನು?"

ಕಾಕಾ ಅಲ್ಲೇ ಇದ್ದ, ಪೂಜೆಯ ತೆಂಗಿನಕಾಯಿ ಒಡೆಯುತ್ತಿದ್ದ. ತಲೆ ಎತ್ತಿ ಗೋಡೆಯ ನಡುವಿನ ಫೋಟೋವನ್ನು ನೋಡಿದ. ಆಮೇಲೆ ಹೋಳುಗಳನ್ನು ತಾಟಿಗೆ ಜೋಡಿಸಿ ಎಲ್ಲರಿಗೂ ಹಂಚಿದ.

ವರ್ಷಗಳು ಹೋದಂತೆ ಹೊಸ ಹುಡುಗರು ಬಂದರು. ಒಂದು ದಿನ ನೋಡಿದರೆ ಕಾಕಾನ ಮೊಳೆಗೆ ಯಾರದೋ ಒದ್ದೆ ಲಂಗೋಟ ನೇತಾಡುತ್ತಿತ್ತು. ಆಗ ನಾನು ಕಾಲೇಜಿನ ಹುಡುಗಿ, ಕಲ್ಲು ಹತ್ತದೆಯೇ ಕಿಟಕಿ ಎಟಕುತ್ತಿತ್ತು. ಮೈಯೆಲ್ಲ ಉರಿಯಿತು. ಕಾಕಾ ಹೊರಗೆ ಬಂದೊಡನೆ ಕೇಳಿದೆ, "ಕಾಕಾ, ಅದು ನಿನ್ನ ಮೊಳಿ ಅಲ್ಲೇನು? ತಗದು ಒಗೀಬಾರದಾ?"

"ಇರ್ಲಿ ಬಿಡಬೇ," ಅಂದ. "ಹುಡುಗ್ರು ಹಸೀದು ಎಲ್ಲಿ ಹಾಕ್ಬೇಕು? ಅಲ್ಲಿ ಗಾಳಿ ಛಲೋ ಬರ್ತದ."

ನಾನು ಓದು ಮುಗಿಸಿ ಕಲಬುರಗಿಯಲ್ಲಿ ಕೆಲಸ ಹಿಡಿದ ಹೊತ್ತಿಗೆ ಅವನಿಗೆ ಸಕ್ಕರೆ ರೋಗ ಹತ್ತಿತ್ತು. ಚೀಲ ಜಾರಿ ಕಾಲಿನ ಬೆರಳಿನ ಮೇಲೆ ಬಿದ್ದ ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು, ಪಾದ ಕಪ್ಪಾಯಿತು. ಇಲ್ಲಿಗೆ ಕರೆದುಕೊಂಡು ಬಂದಾಗ ಡಾಕ್ಟರರು ಬಲಗಾಲನ್ನು ಮೊಳಕಾಲಿನ ಮೇಲಿನಿಂದಲೇ ತೆಗೆಯಬೇಕು ಅಂದರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಗೆ ಹೇಳಿದೆನೋ ನೆನಪಿಲ್ಲ... ಅವನು ಹೇಳಿದ್ದು ನೆನಪಿದೆ.

"ಮಡಚಿದ ಕಾಲು ಅದು. ಹೋಗ್ಲಿ ಬಿಡಬೇ."

ನನಗೆ ಅವತ್ತು ಅದರ ಅರ್ಥ ಆಗಲಿಲ್ಲ. ಧೈರ್ಯಕ್ಕೆ ನಗಾಡುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಅವನಿಗೆ ಕಂಕುಳ ಕೋಲಿನ ಮೇಲೆ ನಡೆಯುವುದನ್ನು ಕಲಿಸಿದವಳು ನಾನೇ. ಕುಸ್ತಿಯಲ್ಲಿ ಯಾರೂ ಎತ್ತಿ ಒಗೆಯಲಾಗದವನು ಆ ಕೋಲಿನಿಂದ ಎರಡೆರಡು ಸಲ ಬಿದ್ದ. ಊರಿಗೆ ಹೋದ ಮೇಲೆ ಆ ಕೋಲೂರಿಕೊಂಡೇ ತಾಲೀಮಿಗೆ ಹೋಗುತ್ತಿದ್ದನಂತೆ. ಗುದ್ದಲಿ ಹಿಡಿಯಲು ಆಗುತ್ತಿರಲಿಲ್ಲ, ಹೊಸ್ತಿಲಲ್ಲಿ ಕೂತಿರುತ್ತಿದ್ದ. ಒಳಗೆ ಹೋದರೆ ಕೋಲಿನ ತುದಿ ಮಣ್ಣು ಕೆಡಿಸುತ್ತದೆ ಅನ್ನುತ್ತಿದ್ದನಂತೆ. ಉಳಿದ ಕಾಲಿಗೂ ರೋಗ ಹತ್ತಿ, ಒಂದು ಚಳಿಗಾಲದಲ್ಲಿ ತೀರಿಕೊಂಡ. ಕೊನೆಗೆ ಹೆಗಲೆಂಬುದು ಬರೀ ಎಲುಬು.

ಮಣ್ಣು ಮಾಡಿದ ಮೂರನೆಯ ದಿನ ವಸ್ತಾದರ ಮಗ ಇಬ್ಬರು ಹಿರಿಯರನ್ನು ಕರೆದುಕೊಂಡು ಮನೆಗೆ ಬಂದರು. ನಾನು ಅಲ್ಲೇ ಕಾಕಿಯ ಪಕ್ಕ ಕೂತಿದ್ದೆ. ಆ ಖಡಕ್ ಮನುಷ್ಯ ಕೈ ಮುಗಿದೇ ಒಳಗೆ ಬಂದರು, ಕಣ್ಣು ಒದ್ದೆಯಾಗಿದ್ದವು.

"ವೈನಿ, ಎಲ್ಲಾರೂ ಕೂಡಿ ಮಾತಾಡೇವ್ರಿ. ಇಷ್ಟ್ ವರ್ಷ ನಮ್ಮ ಮಣ್ಣಿನ ಸೇವಾ ಮಾಡ್ಯಾರ. ಆಗಿದ್ದು ಆಗಿ ಹೋಯ್ತು. ಫೋಟೋ ಕೊಡ್ರಿ, ಪಂಚಮಿ ತನಕಾನೂ ಬ್ಯಾಡ, ಇವತ್ತೇ ಹಾಕ್ತೇವಿ."

ಕಾಕಿ ಈಗ ಎದ್ದಾಳು, ಟ್ರಂಕಿನ ಮೇಲಿನ ಗಂಟು ಇಳಿಸಿಯಾಳು ಅಂದುಕೊಂಡೆ. ನನಗೇ ಎದ್ದು ಇಳಿಸುವ ಅವಸರ. ಅವಳು ಕೂತಲ್ಲಿಂದ ಅಲುಗಲಿಲ್ಲ.

"ತಪ್ಪು ಮಾಡಿಲ್ಲಂತ ಹಾಕ್ತೀರೋ, ಮಾಡ್ಯಾರ ಆದ್ರೂ ಹೋಗ್ಲಿ ಅಂತ ಹಾಕ್ತೀರೋ?"

"ಅದನ್ಯಾಕ ಈಗ ಕೆದಕ್ಬೇಕ್ರಿ ವೈನಿ? ಮಾಫ್ ಮಾಡೇವಿ. ಮರ್ತು ಬಿಡೂಣು."

"ಹಂಗಾದ್ರ ಬ್ಯಾಡ್ರಿ," ಅಂದಳು ಕಾಕಿ. "ನೀವು ಮಾಫ್ ಮಾಡಿ ಹಾಕೂ ಫೋಟೋ ನಮ್ಮ ಮನ್ಯಾಗಿಲ್ಲ. ಚಾ ಕುಡದು ಹೋಗ್ರಿ."

ಅವರಿಗೆ ಏನೂ ತಿಳಿಯಲಿಲ್ಲ. ದುಃಖದಲ್ಲಿ ಹೆಣ್ಣುಮಗಳು ಏನೋ ಅಂದಳು ಎಂದುಕೊಂಡು ಚಹಾ ಕುಡಿದು ಹೋದರು. ನನಗೂ ತಿಳಿಯಲಿಲ್ಲ, ನಾನು ರೇಗಿದೆ. ಇಷ್ಟು ಪಂಚಮಿ ಕಾದು ಕೂತವಳು, ಬಾಗಿಲಿಗೆ ಬಂದದ್ದನ್ನು ಒದ್ದಳಲ್ಲ ಎಂದು. ಕಾಕಿ ಕಪ್ಪುಗಳನ್ನು ತೊಳೆದಿಟ್ಟು ಬಂದು ಕೂತಳು.

"ದವಾಖಾನ್ಯಾಗ ಕಾಲು ಕಡದ ಮ್ಯಾಲ ನನಗ ಹೇಳಿದ್ರಬೇ. ಅಲ್ಲಿತನಕ ನನಗೂ ಹೇಳಿದ್ದಿಲ್ಲ. ತಾಲೀಮಿನ ಜಾಗ ಆ ಜೇವರ್ಗಿ ಕಡಿ ಗೌಡನ ಕೈಯಾಗಿತ್ತಂತ. ನನ್ನ ಪೈಲ್ವಾನ ಗೆದ್ರ ಜಾಗ ನಿಮಗ ಬಿಡ್ತೇನಿ ಅಂದನಂತ. ಹೋಗೂ ಮುಂದ ವಸ್ತಾದರು ಇವರ ಕೈಯಾಗ ಅಖಾಡದ ಮಣ್ಣು ಕೊಟ್ಟು, ನೀ ಬೀಳು, ತಾಲೀಮು ಉಳಿತದ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಆಣಿ ತಗೊಂಡ್ರಂತ." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಬೀಳ್ಳಿಕ್ಕರ ಛಂದಾಗಿ ಬೀಳ್ಬೇಕೋ ಬ್ಯಾಡೋ? ಗೆಲ್ಲೂದು ಕಲಿಸಿದ್ರು, ಬೀಳೂದು ಕಲಿಸ್ಲಿಲ್ಲ ನೋಡು."

ಆ ಗೋಡೆ ನಿಂತದ್ದೇ ಅವನು ಬಿದ್ದದ್ದಕ್ಕೆ. ಬೀಳಿಸಿದವರು ಹಾರ ಹಾಕಿಸಿಕೊಂಡು ನಡುಮಧ್ಯ ಕೂತಿದ್ದಾರೆ. ಅವರ ಮಗ ಅವರ ಹೆಸರಿನಲ್ಲೇ ವರ್ಷ ವರ್ಷ ಬ್ಯಾಡ ಅಂದ. ಕಾಕಾ ಅದೇ ಫೋಟೋದ ಕಾಲು ಮುಟ್ಟಿ ದಿನಾ ಮಣ್ಣಿಗೆ ಇಳಿದ. ಬಾಯಿ ಬೀಳುವ ಮುಂಚೆ ಒಂದೇ ಒಂದು ಮಾತು ಹೇಳಿದ್ದರೆ ಆ ಮುದುಕನ ಗಂಟೇನು ಹೋಗುತ್ತಿತ್ತು? ಇವತ್ತಿಗೂ ನನಗೆ ಆ ಗುರುವಿನ ಮೇಲೆ ಸಿಟ್ಟಿದೆ. ಗುರುವಿನ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ, ಅನ್ನಲಿ.

"ಈಗರ ಹೇಳು ಕಾಕಿ," ಎಂದು ಅವಳ ಕೈ ಹಿಡಿದೆ. "ಅವರ ಮುಂದ ಹೋಗಿ ಹೇಳೂಣು ನಡಿ."

"ಹೇಳಿ? ಆ ಹುಡುಗ ತಮ್ಮಪ್ಪನ ಫೋಟೋ ಇಳಸ್ಬೇಕೇನು? ಇಳಿಸಿದ್ರ ಇವರು ಎದ್ದು ಬರ್ತಾರೇನಬೇ? ಜಲ್ಮ ಪೂರ್ತಿ ಅವರು ಹಿಡಕೊಂಡಿದ್ದನ್ನ ಮೂರು ದಿನಕ್ಕ ನಾ ಕೆಡಸ್ಲಿ?" ಅಂದಳು. "ನಾ ಇರೂತನಕ ನೀನೂ ಬಾಯಿ ಬಿಡಬ್ಯಾಡ."

ಅವಳು ಮಾತು ಮುಗಿಸಿದ ಮೇಲೆ ಅಳತೊಡಗಿದಳು. ಆ ಮೂರು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಆಗಲೇ.

ಆಮೇಲೆ ಕಾಕಿ ಫೋಟೋ ಕಟ್ಟಿಕೊಂಡು ನರೋಣಾದಲ್ಲಿದ್ದ ಮಗಳ ಮನೆಗೆ ಹೋದಳು. ಹೋದ ವರ್ಷ ಅವಳೂ ತೀರಿಕೊಂಡಳು, ಅವಳ ದಿನಕ್ಕೆ ನಾನು ಅಲ್ಲಿಗೆ ಹೋಗಿದ್ದೆ. ಫೋಟೋ ಅಡುಗೆಮನೆಯ ಬಾಗಿಲ ಪಕ್ಕ ಇತ್ತು. ಗೋಡೆಯ ತೇವ ಗಾಜಿನೊಳಗೆ ಇಳಿದು ಮುಖವೆಲ್ಲ ಬೆಳ್ಳಗಾಗಿ ಹೋಗಿದೆ. ರುಮಾಲಿನ ತುದಿ ಕಾಣುತ್ತದೆ, ಗದೆ ಕಾಣುತ್ತದೆ... ನಡುವೆ ಯಾರೂ ಇಲ್ಲ. ವಸ್ತಾದರ ಮಗನೂ ಈಗಿಲ್ಲ. ಆಣೆ ಇಟ್ಟವರು, ಆಣೆ ತೆಗೆದುಕೊಂಡವರು ಯಾರೂ ಉಳಿದಿಲ್ಲವೆಂದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಯಾರದೂ ಬರೆದಿಲ್ಲ, ಕಾಕಿಗೆ ಅಷ್ಟಾದರೂ ಸಮಾಧಾನವಾಗಲಿ.

ಆ ತರುಣನ ಹೆಗಲಿಗೆ ಶಾಖ ಕೊಡುತ್ತ ಕೇಳಿದೆ, "ತಾಲೀಮಿನ ಗೋಡಿ ಮ್ಯಾಲ ಫೋಟೋ ಇನ್ನೂ ಅವ ಏನು?"

"ಅವ್ರಿ ಮೇಡಂ. ನಡಬಾರಕ ದೊಡ್ಡ ವಸ್ತಾದರದ್ದು. ದಿನಾ ಕಾಲು ಮುಟ್ಟೇ ಮಣ್ಣಿಗಿ ಇಳಿತೇವ್ರಿ."

"ಕಿಡಕಿ ಬಲಕ್ಕ ಒಂದು ಖಾಲಿ ಮೊಳಿ ಇತ್ತಲ್ಲ?"

"ಓಹ್, ಅದೇನ್ರಿ! ಅದು ಅಂಗಿ ಹಾಕೂ ಮೊಳಿ ರೀ. ನಾವೆಲ್ಲಾ ಅದಕ್ಕೇ ಹಾಕ್ತೇವಿ. ಭಾಳ ಗಟ್ಟಿ ಅದ ರೀ ಮೇಡಂ, ಎಷ್ಟ್ ಭಾರ ಹಾಕಿದ್ರೂ ಅಲುಗಂಗಿಲ್ಲ." ಆಮೇಲೆ ನನ್ನ ಮುಖ ನೋಡಿ, "ಯಾಕ್ರಿ? ಅದು ಯಾರದರ ಅದ ಏನ್ರಿ?" ಅಂದ.

ಇಷ್ಟು ವರ್ಷದ ಮೇಲೆ ಮೊದಲ ಸಲ ಕಾಕಾನ ಪೂರ್ತಿ ಹೆಸರು ನನ್ನ ಬಾಯಿಂದ ಬಂತು. ಊರಿನ ಹೆಸರು, ಮನೆತನದ ಹೆಸರು, ಕೊನೆಗೆ ಪೈಲ್ವಾನ ಅಂತಲೂ ಸೇರಿಸಿ ಹೇಳಿದೆ.

ಅವನು ಒಂದು ಗಳಿಗೆ ನೆನಪು ಮಾಡಿಕೊಂಡು ನೋಡಿದ.

"ಯಾರ್ರಿ ಅವ್ರು?" ಅಂದ.